ಅಜ್ಜನ ಕೋವಿಗೆ ಕೋಟಿಂಗ್ ಹಾಕೋಕೆ ಹೋದ ಕಥೆ

1/9

ಹೋದ ವಾರ ಸ್ಟೋರಿಗೆ ಹಾಕಿದ್ದ ಆ ಕಪ್ಪು ನಳಿಗೆಯ ಫೋಟೋಗೆ ಬಂದಷ್ಟು ಮೆಸೇಜು ನನ್ನ ಬರ್ತ್‌ಡೇಗೂ ಬಂದಿರ್ಲಿಲ್ಲ. "ನಿಜವಾದ ಗನ್ನಾ?" "ನಿಮ್ಮೂರಲ್ಲಿ ಎಲ್ಲರ ಮನೇಲೂ ಇರತ್ತಂತೆ, ಹೌದಾ?" "ಫಿನಿಶ್ ಸಖತ್ತಾಗಿದೆ, ಎಲ್ಲಿ ಮಾಡಿಸ್ದೆ?" ಒಬ್ಬೊಬ್ಬರಿಗೇ ಉತ್ತರ ಕೊಡೋ ಬದಲು ಇಲ್ಲೇ ಒಂಬತ್ತು ಭಾಗದಲ್ಲಿ ಬರೀತೀನಿ. ಉದ್ದ ಆಗತ್ತೆ. ಬೇಜಾರಾದ್ರೆ ಸ್ಕ್ರಾಲ್ ಮಾಡ್ಕೊಂಡು ಹೋಗಿ, ನಂಗೇನೂ ಬೇಸರ ಇಲ್ಲ.

ಅದು ನಮ್ಮಜ್ಜನ ಕೋವಿ. ಒಂಟಿ ನಳಿಗೆಯ ಹನ್ನೆರಡು ಬೋರಿನದು. ಅಜ್ಜನಿಗೆ ಅವರಪ್ಪನಿಂದ ಬಂದದ್ದು. ಕೊಡಗಿನವರಲ್ಲದ ಕ್ಲಾಸ್‌ಮೇಟ್‌ಗಳಿಗೆ ಒಂದೇ ಸಲ ಹೇಳಿಬಿಡ್ತೀನಿ: 1861ರಲ್ಲಿ, ಬ್ರಿಟಿಷರ ಕಾಲದಲ್ಲಿ, ಮಾರ್ಕ್ ಕಬ್ಬನ್ ಕೊಡವರಿಗೆ ಕೋವಿ ಇಟ್ಟುಕೊಳ್ಳೋಕೆ ವಿನಾಯಿತಿ ಕೊಟ್ಟರು. ಈಗಲೂ ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸ್ತು. ಹಾಗಂತ ಯಾರೂ ಲೆಕ್ಕಪತ್ರ ಇಲ್ಲದೆ ಇಟ್ಟುಕೊಳ್ಳೋದಲ್ಲ. ವಿನಾಯಿತಿ ಪತ್ರ ಅಂತ ಇರತ್ತೆ, ಅದರಲ್ಲಿ ಕೋವಿಯ ನಂಬರ್ ಇರತ್ತೆ. ಈ ನಂಬರ್ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ. ನನ್ನ ನಿದ್ದೆ ಕೆಡಿಸಿದ್ದೇ ಅದು.

ಇನ್ನೊಂದು ಮಾತು. ಇದು "ಮನೇಲೇ ಮಾಡಿ ನೋಡಿ" ವಿಡಿಯೋ ಥರ ಅಲ್ಲ. ಮನೇಲಿ ಮಾಡೋಕೆ ಹೋಗಿ ಏನಾಯ್ತು ಅನ್ನೋ ಕಥೆ.

2/9

ಈ ಫೋಟೋ ಆಗಸ್ಟ್‌ನದು. ಝೂಮ್ ಮಾಡಿ ನೋಡಿ. ನಳಿಗೆಯ ಬುಡದ ಹತ್ರ, ಕೈ ಹಿಡಿಯೋ ಜಾಗದಲ್ಲಿ, ಕಂದು ಕಲೆ ಕಾಣತ್ತಲ್ವಾ? ಸರಿಯಾಗಿ ನೋಡಿದ್ರೆ ಅದು ನಾಲ್ಕು ಬೆರಳು. ಅಜ್ಜನ ಬೆರಳು.

ಅಜ್ಜನಿಗೆ ಹೋದ ವರ್ಷ ಸ್ಟ್ರೋಕ್ ಆಯ್ತು. ಬಲಗೈ ಪೂರ್ತಿ ವಾಪಸ್ ಬರಲಿಲ್ಲ. ಅದಕ್ಕೂ ಮುಂಚೆ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಜಗಲಿ ಮೇಲೆ ಹಳೇ ಬನಿಯನ್ ಬಟ್ಟೆ ಹಾಸಿ, ಕೋವಿ ಬಿಚ್ಚಿ, ಒರೆಸಿ, ಎಣ್ಣೆ ಸವರಿ ಇಡ್ತಿದ್ರು. ಮುಟ್ಟಿದವರು ಯಾರೇ ಆಗಲಿ ಒರೆಸದೆ ವಾಪಸ್ ಇಡೋ ಹಾಗಿಲ್ಲ. ಚಿಕ್ಕವಳಿದ್ದಾಗ ನಂಗೆ ಇದು ಮಡಿ ಥರ ಕಾಣ್ತಿತ್ತು. ಕಾರಣ ಬೇರೆಯೇ ಇದೆ. ನಮ್ಮ ಬೆವರಲ್ಲಿ ಉಪ್ಪಿರತ್ತೆ. ಕಬ್ಬಿಣದ ಮೇಲೆ ಉಪ್ಪಿನ ಜೊತೆ ತೇವ ಕೂತರೆ ತುಕ್ಕು ಬೇಗ ಹಿಡಿಯತ್ತೆ. ಕೈ ಎಲ್ಲಿ ತಾಗಿತ್ತೋ ಅದೇ ಆಕಾರಕ್ಕೆ ಹಿಡಿಯತ್ತೆ.

ಸ್ಟ್ರೋಕ್ ಆಗೋ ಮುಂಚಿನ ದಿನ ಅಜ್ಜ ಯಾರಿಗೋ ತೋರಿಸೋಕೆ ಅಂತ ಕೋವಿ ಹೊರಗೆ ತೆಗೆದಿದ್ರಂತೆ. ಮರುದಿನ ಒರೆಸೋಣ ಅಂತ ಚರ್ಮದ ಚೀಲಕ್ಕೆ ಹಾಕಿ ಇಟ್ರು. ಮರುದಿನ ಆಸ್ಪತ್ರೆ. ಆಮೇಲೆ ಯಾರಿಗೂ ಕೋವಿ ನೆನಪಾಗಲಿಲ್ಲ. ಒಂದಿಡೀ ಮಳೆಗಾಲ ಅದು ಚೀಲದಲ್ಲೇ ಇತ್ತು.

ಮಡಿಕೇರಿ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ. ಜುಲೈ ತಿಂಗಳಲ್ಲಿ ನಮ್ಮನೇಲಿ ಉಪ್ಪಿನ ಡಬ್ಬಿ ನೀರಾಗತ್ತೆ, ಬೀರುವಿನಲ್ಲಿರೋ ಶೂ ಮೇಲೆ ಬೂಷ್ಟು ಬರತ್ತೆ. ಚರ್ಮದ ಚೀಲ ಗಾಳಿಯಲ್ಲಿರೋ ತೇವವನ್ನ ಹೀರ್ಕೊಂಡು ಕಬ್ಬಿಣಕ್ಕೆ ಅಂಟಿಸಿ ಕೂರತ್ತೆ. ಕೋವಿಯನ್ನ ಕಾಪಾಡೋಕೆ ಅಂತ ಇದ್ದ ಚೀಲವೇ ಅದನ್ನ ತಿಂದಿತ್ತು.

3/9

ನಾನು ಮೆಕ್ಯಾನಿಕಲ್, ಆರನೇ ಸೆಮ್. ಮೆಟೀರಿಯಲ್ ಸೈನ್ಸಲ್ಲಿ ಕರೋಶನ್ ಚಾಪ್ಟರ್ ಓದಿ ಒಳ್ಳೆ ಮಾರ್ಕ್ಸ್ ತೆಗೆದವಳು. ಹಾಗಾಗಿ ಆ ತುಕ್ಕು ನೋಡಿದ ಕೂಡಲೇ ತಲೆಗೆ ಬಂದದ್ದು "ಇದಕ್ಕೊಂದು ಪರ್ಮನೆಂಟ್ ಸೊಲ್ಯೂಶನ್ ಮಾಡ್ಬೇಕು" ಅನ್ನೋದು.

ರಾತ್ರಿ ಯೂಟ್ಯೂಬ್. ಅಲ್ಲಿ ಸಿಕ್ಕಿದ್ದು ಅಮೆರಿಕದವರ ಪಿಸ್ತೂಲು. ಅಲ್ಲಿ ತುಂಬಾ ಜನ ಪಿಸ್ತೂಲನ್ನ ಸೊಂಟದಲ್ಲಿ, ಬಟ್ಟೆಯ ಒಳಗೆ ಇಟ್ಕೊಂಡು ಓಡಾಡ್ತಾರೆ. ಇಡೀ ದಿನ ಬೆವರು ತಾಗತ್ತೆ. ಹಳೇ ಕಾಲದ ನೀಲಿ-ಕಪ್ಪು ಪಾಲಿಶ್ ಅದಕ್ಕೆ ತಡೆಯಲ್ಲ. ಚರ್ಮದ ಹೋಲ್‌ಸ್ಟರ್ ಉಜ್ಜಿ ಉಜ್ಜಿ ಅಂಚುಗಳು ಬೆಳ್ಳಗಾಗ್ತವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅವರ ಸೈನ್ಯದ 1911ಎ1 ಪಿಸ್ತೂಲಿಗೆ ಪಾರ್ಕರೈಸಿಂಗ್ ಅನ್ನೋ ಫಾಸ್ಫೇಟ್ ಪದರ ಬಂತು. ಬೂದು ಬಣ್ಣ, ಸ್ವಲ್ಪ ಒರಟು, ಆದ್ರೆ ಎಣ್ಣೆಯನ್ನ ಚೆನ್ನಾಗಿ ಹಿಡಿದಿಟ್ಕೊಳ್ಳತ್ತೆ. ಎಂಬತ್ತರ ದಶಕದಲ್ಲಿ ಗ್ಲಾಕ್ ಬಂದಾಗ ಉಕ್ಕಿನ ಮೇಲ್ಮೈಗೇ ನೈಟ್ರೋಜನ್ ಸೇರಿಸಿ ಗಟ್ಟಿ ಮಾಡೋ ವಿಧಾನ ಬಂತು. ಈಗ ಹಳೇ ಪಿಸ್ತೂಲಿಗೆ ಹೊಸ ರೂಪ ಕೊಡೋರು ಹೆಚ್ಚಾಗಿ ಹೋಗೋದು ಸೆರಾಕೋಟ್‌ಗೆ. ಒರೆಗಾನ್ ರಾಜ್ಯದ ಕಂಪನಿಯದು, ಸೆರಾಮಿಕ್ ಕಣ ಸೇರಿಸಿದ ಪಾಲಿಮರ್ ಕೋಟಿಂಗ್.

ಕೆಲಸ ನೋಡೋಕೆ ಎಷ್ಟು ಚೆಂದ ಗೊತ್ತಾ. ಪಿಸ್ತೂಲನ್ನ ಪೂರ್ತಿ ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸ್ತಾರೆ. ಆಮೇಲೆ ಓವನ್‌ನಲ್ಲಿ ಕಾಯಿಸ್ತಾರೆ, ಸಂದಿಯಲ್ಲಿ ಅಡಗಿರೋ ಎಣ್ಣೆ ಹೊರಗೆ ಬರ್ಲಿ ಅಂತ. ಅದಾದ್ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನ ಗಾಳಿಯ ಒತ್ತಡದಲ್ಲಿ ಹೊಡೆದು ಮೇಲ್ಮೈ ಒರಟು ಮಾಡ್ತಾರೆ, ಇಲ್ಲಾಂದ್ರೆ ಕೋಟಿಂಗ್ ಹಿಡಿಯಲ್ಲ. ಸ್ಪ್ರೇ ಮಾಡಿದ ಮೇಲೆ ಮತ್ತೆ ಓವನ್, ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ. ಪದರದ ದಪ್ಪ ಇಪ್ಪತ್ತೈದು ಮೈಕ್ರಾನ್ ಆಸುಪಾಸು. ಬೆವರು, ಉಪ್ಪು ನೀರು, ಗೀರು, ಎಲ್ಲಕ್ಕೂ ತಡೆಯತ್ತೆ. ಬೇಕಾದ ಬಣ್ಣ ಸಿಗತ್ತೆ.

ಬರ್ಂಟ್ ಬ್ರಾಂಜ್ ಅನ್ನೋ ಬಣ್ಣ ನೋಡಿ ನಾನು ಫ್ಲಾಟ್. ಕಾಫಿ ಬೀಜ ಹುರಿದ ಬಣ್ಣ. ನಮ್ಮ ತೋಟದ ಮನೆಯ ಕೋವಿಗೆ ಇದಕ್ಕಿಂತ ಒಪ್ಪೋದು ಬೇರೆ ಏನಿದೆ ಅನ್ನಿಸ್ತು.

4/9

ಬೈಕ್ ಸೈಲೆನ್ಸರ್‌ಗೆ ಇಂಥ ಕೋಟಿಂಗ್ ಮಾಡೋ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಅಣ್ಣ ತುಂಬಾ ಮರ್ಯಾದೆಯಿಂದ ಎಲ್ಲಾ ಕೇಳಿಸ್ಕೊಂಡ್ರು. "ಪಾರ್ಟ್ ಯಾವ್ದು ಮೇಡಂ?" ಅಂದ್ರು. ಕೋವಿ ಅಂದೆ. ಎರಡು ಸೆಕೆಂಡ್ ಸದ್ದಿಲ್ಲ. "ಬೇಡ ಮೇಡಂ, ಅದಕ್ಕೆ ಲೈಸೆನ್ಸ್ ಇರೋರೇ ಆಗ್ಬೇಕು" ಅಂತ ಇಟ್ಟೇಬಿಟ್ರು.

ಅವರು ಹೇಳಿದ್ದು ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬೇರೆಯವರ ಕೋವಿ ರಿಪೇರಿ ಮಾಡೋ ದಂಧೆಗೂ ಲೈಸೆನ್ಸ್ ಬೇಕು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಕೋಟಿಂಗ್ ಆಮೇಲೆ ನೋಡೋಣ, ತುಕ್ಕಾದ್ರೂ ತೆಗೆದು ರೆಡಿ ಮಾಡಿಡ್ತೀನಿ" ಅಂದ್ಕೊಂಡೆ.

ಅಪ್ಪ ತೋಟಕ್ಕೆ ಹೋಗಿದ್ರು. ಬೀರುವಿನ ಬೀಗದ ಕೈ ಅಮ್ಮನ ಹತ್ರ ಇಸ್ಕೊಂಡೆ. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಅಜ್ಜ ಕಲಿಸಿದ ಹಾಗೆ ಮೊದಲು ಕೋವಿ ಮುರಿದು ಒಳಗೆ ಕಾಟ್ರಿಜ್ ಇಲ್ಲ ಅಂತ ಕಣ್ಣಲ್ಲಿ ನೋಡಿದೆ, ಬೆರಳು ಹಾಕಿಯೂ ನೋಡಿದೆ. (ಕೋವಿ ಮುರಿಯೋದು ಅಂದ್ರೆ ನಳಿಗೆಯನ್ನ ಕೀಲಿನಲ್ಲಿ ಬಗ್ಗಿಸಿ ತೆರೆಯೋದು. ಗಾಬರಿ ಆಗ್ಬೇಡಿ.)

ಆಮೇಲೆ ಶೆಡ್ಡಿಂದ ಎಮರಿ ಪೇಪರ್ ತಂದೆ. ಗೇಟಿಗೆ ಪೇಂಟ್ ಹೊಡೆದಾಗ ಉಳಿದಿದ್ದು, 120 ನಂಬರಿನದು. ಉಜ್ಜಿದೆ. ಕಂದು ಹೋಗಿ ಬೆಳ್ಳಿ ಬಣ್ಣ ಬಂತು. ಎಷ್ಟು ಖುಷಿ ಆಯ್ತು ಅಂದ್ರೆ ಹಾಡು ಹಾಕ್ಕೊಂಡು ಇಪ್ಪತ್ತು ನಿಮಿಷ ಉಜ್ಜಿದೆ.

ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡ್ತೀನಿ, ತುಕ್ಕಿನ ಪಕ್ಕದಲ್ಲೇ ಇದ್ದ ನಂಬರಿನ ಕೊನೇ ಎರಡು ಅಂಕಿ ಕಾಣ್ತಿಲ್ಲ.

ಕಾಣ್ತಿಲ್ಲ ಅಂದ್ರೆ ಪೂರ್ತಿ ಇಲ್ಲ ಅಂತಲ್ಲ. ಓರೆ ಮಾಡಿ ಬೆಳಕಿಗೆ ಹಿಡಿದ್ರೆ ನೆರಳಿನ ಥರ ಏನೋ ಇದೆ. ಅದು ಏಳೋ ಒಂದೋ ಗೊತ್ತಾಗ್ತಿಲ್ಲ. ಹೊಟ್ಟೇಲಿ ಕಲ್ಲು ಬಿದ್ದ ಹಾಗಾಯ್ತು. ಹಾಡು ಇನ್ನೂ ಓಡ್ತಿತ್ತು. ಅದನ್ನ ಆಫ್ ಮಾಡೋಕೂ ಕೈ ಬರಲಿಲ್ಲ.

5/9

ಆ ಕಾಯ್ದೆಯ ಎಂಟನೇ ಸೆಕ್ಷನ್ ನಾನು ಓದಿದ್ದು ಇದೆಲ್ಲ ಆದ ಮೇಲೆ. ಕೋವಿ ಮೇಲಿರೋ ಹೆಸರು, ನಂಬರ್, ಗುರುತು, ಯಾವುದನ್ನೂ ಯಾರೂ ಅಳಿಸೋ ಹಾಗಿಲ್ಲ, ಬದಲಾಯಿಸೋ ಹಾಗಿಲ್ಲ. ವಿನಾಯಿತಿ ನಮಗಿರೋದು ಕೋವಿ ಇಟ್ಟುಕೊಳ್ಳೋಕೆ, ನಂಬರ್ ಅಳಿಸೋಕಲ್ಲ. ಪತ್ರದಲ್ಲಿರೋ ನಂಬರಿಗೂ ಕೋವಿಗೂ ತಾಳೆ ಆಗದಿದ್ರೆ ಅದು ಯಾರ ಕೋವಿ? ಅಜ್ಜನದು ಅಂತ ಹೇಗೆ ಹೇಳೋದು?

ಸಂಜೆವರೆಗೂ ಯಾರಿಗೂ ಹೇಳಲಿಲ್ಲ. ಕೋವಿಯನ್ನ ವಾಪಸ್ ಇಟ್ಟೆ. ಊಟಕ್ಕೆ ಕೂತಾಗ ಅಜ್ಜ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡೀತಿದ್ರು. "ಈ ಸಲ ಕೈಲ್ ಪೊಳ್ದ್‌ಗೆ ಕೋವಿ ಹೊರಗೆ ತೆಗೀಬೇಕು" ಅಂದ್ರು. ಮಾತು ತೊದಲತ್ತೆ, ಆದ್ರೆ ಇದು ಸ್ಪಷ್ಟವಾಗೇ ಕೇಳಿಸ್ತು.

ಗೊತ್ತಿಲ್ಲದವರಿಗೆ: ಕೈಲ್ ಪೊಳ್ದ್ ಅಂದ್ರೆ ಸೆಪ್ಟೆಂಬರ್ 3ರ ಹೊತ್ತಿಗೆ ಬರೋ ನಮ್ಮ ಆಯುಧ ಹಬ್ಬ. ಗದ್ದೆ ನಾಟಿ ಮುಗಿದ ಮೇಲೆ ಬರತ್ತೆ. ಕೋವಿ, ಕತ್ತಿ ಎಲ್ಲಾ ತೊಳೆದು ಒರೆಸಿ ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ತೋಕ್ ಪೂ ಇಡ್ತೀವಿ. ಬೆಂಕಿಯ ಥರ ಕೆಂಪು-ಹಳದಿ ಇರತ್ತಲ್ಲ, ಗೌರಿ ಹೂ ಅಂತಾರೆ ಕೆಲವರು, ಅದು. ಆಮೇಲೆ ಕಡಂಬುಟ್ಟು, ಪಂದಿ ಕರಿ. ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ.

ರಾತ್ರಿ ಅಪ್ಪನಿಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಟಾರ್ಚ್ ಹಾಕಿ ನೋಡಿದ್ರು, ಪತ್ರ ತೆಗೆದು ನೋಡಿದ್ರು, ಮತ್ತೆ ಕೋವಿ ನೋಡಿದ್ರು. "ನಂದೂ ತಪ್ಪಿದೆ" ಅಂದ್ರು. "ಅಪ್ಪನಿಗೆ ಹುಷಾರಿಲ್ಲ ಅಂತ ಗೊತ್ತಿದ್ದೂ ಒಂದು ದಿನ ಇದನ್ನ ತೆಗೆದು ನೋಡಲಿಲ್ಲ ನಾನು." ಬೈದಿದ್ರೇ ವಾಸಿ ಇತ್ತು.

6/9

ಮರುದಿನ ಪತ್ರ ಸಮೇತ ಪೇಟೆಯ ಕೋವಿ ರಿಪೇರಿ ಅಂಗಡಿಗೆ ಹೋದ್ವಿ. ಲೈಸೆನ್ಸ್ ಇರೋ ಅಂಗಡಿ. ಒಳಗೆ ಕಾಲಿಟ್ರೆ ಎಣ್ಣೆ, ಮರದ ಪುಡಿ, ಕಟ್ಟಿಗೆ ಹೊಗೆ, ಮೂರರ ವಾಸನೆ ಒಟ್ಟಿಗೆ. ಮೇಸ್ತ್ರಿಗೆ ಎಪ್ಪತ್ತರ ಮೇಲಿರ್ಬೇಕು. ಕೋವಿ ತಗೊಂಡು, ಮುರಿದು, ಖಾಲಿ ಇದೆಯಾ ನೋಡಿ, ಆಮೇಲೆ ಬಿಳಿ ಆಗಿರೋ ಜಾಗದ ಮೇಲೆ ಹೆಬ್ಬೆರಳು ಸವರಿದ್ರು.

"ಯಾರು ಉಜ್ಜಿದ್ದು?"

ನಾನು ಅಂದೆ.

"ಯಾವ ಪೇಪರ್?"

ನೂರಿಪ್ಪತ್ತು ಅಂದೆ.

"ಗೇಟ್ ಉಜ್ಜೋ ಪೇಪರ್" ಅಂದ್ರು. ಬೇರೆ ಏನೂ ಹೇಳಲಿಲ್ಲ.

ಸೀಮೆಸುಣ್ಣ ತಗೊಂಡು ನಂಬರಿನ ಮೇಲೆ ಉಜ್ಜಿ, ಮೇಲಿನ ಪುಡಿ ಬಟ್ಟೆಯಲ್ಲಿ ಒರೆಸಿದ್ರು. ತಗ್ಗಿನಲ್ಲಿ ಮಾತ್ರ ಬಿಳಿ ಉಳೀತು. ಮೊದಲ ಅಂಕಿಗಳು ಎದ್ದು ಕಂಡ್ವು, ಕೊನೇ ಎರಡು ಮಾತ್ರ ಮಸುಕು. ಭೂತಗನ್ನಡಿ ಇಟ್ಟು ನೋಡಿ ತಲೆ ಅಲ್ಲಾಡಿಸಿದ್ರು. ನನ್ನ ಕಾಲು ನಡುಗ್ತಿತ್ತು. ಆಮೇಲೆ ನಳಿಗೆ ಕೆಳಗಿರೋ ಮರದ ತುಂಡನ್ನ ಬಿಚ್ಚಿ, ನಳಿಗೆ ಕಳಚಿ ತಿರುಗಿಸಿ ನನ್ನ ಮುಂದೆ ಹಿಡಿದ್ರು.

ಅಲ್ಲಿತ್ತು. ಅದೇ ನಂಬರ್, ಪೂರ್ತಿ, ಚೂಪಾಗಿ, ಮೇಲೆ ಹಳೇ ಎಣ್ಣೆಯ ಹಳದಿ ಪದರದ ಸಮೇತ. ಇಂಥ ಕೋವಿಗಳಲ್ಲಿ ಒಂದೇ ನಂಬರನ್ನ ಎರಡು ಮೂರು ಭಾಗಕ್ಕೆ ಹೊಡೆದಿರ್ತಾರಂತೆ, ಒಂದರ ಭಾಗ ಇನ್ನೊಂದಕ್ಕೆ ಸೇರದಿರ್ಲಿ ಅಂತ. ಮರದ ಅಡಿಯಲ್ಲಿದ್ದದ್ದಕ್ಕೆ ತುಕ್ಕೂ ತಾಗಿರ್ಲಿಲ್ಲ, ನಾನೂ ತಾಗಿರ್ಲಿಲ್ಲ. ಅಜ್ಜ ಪ್ರತಿ ವಾರ ಮರ ಬಿಚ್ಚಿ ಅಲ್ಲಿಗೂ ಎಣ್ಣೆ ಹಚ್ಚಿದ್ರು.

ಮೇಸ್ತ್ರಿ ತಮ್ಮ ರಿಜಿಸ್ಟರ್‌ನಲ್ಲಿ ನಂಬರ್ ಬರ್ಕೊಂಡು, ಪತ್ರಕ್ಕೆ ತಾಳೆ ನೋಡಿ, ಅಪ್ಪನ ಸಹಿ ಹಾಕಿಸ್ಕೊಂಡ್ರು. ನಾನು ಹೊರಗೆ ಹೋಗಿ ಚರಂಡಿ ಕಟ್ಟೆ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಇದನ್ನ ಇಲ್ಲಿ ಬರೆಯೋದಾ ಬೇಡ್ವಾ ಅಂತ ಯೋಚಿಸಿದೆ. ಬರ್ದಿದೀನಿ.

7/9

ವಾಪಸ್ ಒಳಗೆ ಬಂದು ಧೈರ್ಯ ಮಾಡಿ ಫೋನ್ ತೆಗೆದು ಸೆರಾಕೋಟ್ ವಿಡಿಯೋ ತೋರಿಸಿದೆ. ಮೇಸ್ತ್ರಿ ಕನ್ನಡಕ ಮೇಲೆ ಮಾಡಿ ಪೂರ್ತಿ ನೋಡಿದ್ರು. "ಒಳ್ಳೆ ಕೆಲಸ" ಅಂದ್ರು. "ಹೊಸ ಪಿಸ್ತೂಲು, ದಿನಾ ಮೈಗೆ ತಾಗೋದು, ಅಂಥದ್ದಕ್ಕೆ ಸರಿ. ನಿನ್ನ ಕೋವಿಗೆ ಮೊದಲು ಇಲ್ಲಿ ನೋಡು."

ನಳಿಗೆಯನ್ನ ಬಾಗಿಲ ಬೆಳಕಿಗೆ ಹಿಡಿದು ನನ್ನ ಕಣ್ಣಿಗೆ ಕೊಟ್ರು. ಒಳಗೆ ಕನ್ನಡಿ ಥರ ಉಂಗುರ ಉಂಗುರವಾಗಿ ಹೊಳಪು. ಆದ್ರೆ ಹಿಂದಿನ ತುದಿಯಲ್ಲಿ, ಕಾಟ್ರಿಜ್ ಕೂರೋ ಜಾಗ ಮುಗಿದ ಕೂಡಲೇ, ಸಿಡುಬಿನ ಕಲೆ ಥರ ಕಪ್ಪು ಗುಳಿಗಳು.

"ಗುಂಡು ಸಿಡಿದಾಗ ಒತ್ತಡ ಜಾಸ್ತಿ ಇರೋದು ಅಲ್ಲೇ" ಅಂದ್ರು. "ತುಕ್ಕು ಅಂದ್ರೆ ಬಣ್ಣ ಅಲ್ಲ ಮಗಳೇ, ಕಬ್ಬಿಣವೇ ಹೋಗಿರೋದು. ಹೋದ ಕಬ್ಬಿಣ ಯಾವ ಕೋಟಿಂಗಿಂದಲೂ ವಾಪಸ್ ಬರಲ್ಲ. ಈಗ ನೀನು ಹೊರಗೆ ಪಳಪಳ ಮಾಡಿಸ್ದೆ ಅಂತಿಟ್ಕೋ. ಹತ್ತು ವರ್ಷ ಬಿಟ್ಟು ನಿನ್ನ ತಮ್ಮನೋ ಮಗನೋ ನೋಡಿ 'ಹೊಸದಾಗಿದೆ' ಅಂತ ಗುಂಡು ತುಂಬ್ತಾನೆ."

ನಾನು ಆರು ಸೆಮ್‌ನಲ್ಲಿ ಸ್ಟ್ರೆಸ್ ಕಾನ್ಸಂಟ್ರೇಶನ್ ಅನ್ನೋ ಪದ ಎಷ್ಟು ಸಲ ಬರೆದಿದೀನೋ ಲೆಕ್ಕ ಇಲ್ಲ. ಗುಳಿಯ ತಳದಲ್ಲಿ ಒತ್ತಡ ಹೆಚ್ಚಾಗತ್ತೆ, ಬಿರುಕು ಅಲ್ಲಿಂದ ಶುರುವಾಗತ್ತೆ ಅಂತ ಚಿತ್ರ ಸಮೇತ ಬರೆದು ಮಾರ್ಕ್ಸ್ ತಗೊಂಡಿದೀನಿ. ಆದ್ರೆ ತುಕ್ಕು ಹಿಡಿದ ಕೋವಿ ಕೈಗೆ ಬಂದಾಗ ಒಂದು ಸಲ ಕೂಡ ಒಳಗೆ ಇಣುಕಿ ನೋಡಲಿಲ್ಲ. ಬಣ್ಣ ಯಾವುದು ಅಂತ ಯೋಚಿಸ್ತಿದ್ದೆ.

ಇನ್ನೊಂದನ್ನೂ ಹೇಳಿದ್ರು. ಕೋಟಿಂಗ್ ಹಿಡಿಯೋಕೆ ಪುಡಿ ಹೊಡೆದು ಮೇಲ್ಮೈ ಕೆರೀಬೇಕು. ನನ್ನ ಎಮರಿ ಪೇಪರಿನಿಂದ ಉಳಿದ ಅಂಕಿಗಳೂ, ಪಕ್ಕದಲ್ಲಿರೋ ಪ್ರೂಫ್ ಗುರುತುಗಳೂ ಅದರಲ್ಲಿ ಇನ್ನಷ್ಟು ಸವೀತಿದ್ವು. ಪ್ರೂಫ್ ಗುರುತು ಅಂದ್ರೆ ಕೋವಿ ಮಾಡಿದಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆ ಮಾಡಿ ಪಾಸಾಯ್ತು ಅಂತ ಹೊಡೆಯೋ ಮುದ್ರೆ.

ಕೊನೆಗೆ ಅಪ್ಪನ ಕಡೆ ತಿರುಗಿ, "ಹಬ್ಬಕ್ಕೆ ಇಡೋ ಹಾಗೆ ಮಾಡಿ ಕೊಡ್ತೀನಿ ಸಾರ್. ಗುಂಡು ಮಾತ್ರ ಹಾಕ್ಬೇಡಿ" ಅಂದ್ರು.

ಅಪ್ಪ ಸುಮ್ಮನಿದ್ರು. ಇದನ್ನ ಅಜ್ಜನಿಗೆ ಹೇಳೋರು ಯಾರು ಅಂತ ಇಬ್ಬರಿಗೂ ಯೋಚನೆ.

8/9

ಈಗ ಆ "ಸಖತ್ ಕಪ್ಪು ಫಿನಿಶ್" ವಿಷಯ. ಅದು ಪೇಂಟ್ ಅಲ್ಲ. ಅದೂ ತುಕ್ಕೇ.

ಕಬ್ಬಿಣದ ಆಕ್ಸೈಡ್‌ನಲ್ಲಿ ಎರಡು ಸ್ವಭಾವ. ಕೆಂಪು ತುಕ್ಕು ಸಡಿಲ, ಉದುರತ್ತೆ, ತೇವ ಹಿಡಿದಿಟ್ಕೊಂಡು ಇನ್ನೂ ಒಳಗೆ ತಿನ್ನತ್ತೆ. ಇನ್ನೊಂದು ಮ್ಯಾಗ್ನಟೈಟ್, ಕಪ್ಪು ಆಕ್ಸೈಡ್. ಅದು ಬಿಗಿಯಾಗಿ ಕಬ್ಬಿಣಕ್ಕೆ ಅಂಟ್ಕೊಂಡು ಕೂರತ್ತೆ. ಮೇಸ್ತ್ರಿ ಮಾಡೋದು ಕೆಂಪನ್ನ ಕಪ್ಪು ಮಾಡೋ ಕೆಲಸ. ರಸ್ಟ್ ಬ್ಲೂಯಿಂಗ್ ಅಂತಾರೆ. ಸೆರಾಕೋಟ್‌ಗಿಂತ, ಕಾರ್ಖಾನೆಯ ಬಿಸಿ ಬ್ಲೂಯಿಂಗ್‌ಗಿಂತ ಎಷ್ಟೋ ಹಳೇ ವಿಧಾನ.

ನಾನು ಮೂರು ದಿನ ಬಸ್ಸಲ್ಲಿ ಹೋಗಿ ನೋಡಿದೆ. ಮೊದಲು ನನ್ನ ಎಮರಿ ಗೀರುಗಳನ್ನ ನಯವಾದ ಪೇಪರ್‌ನಲ್ಲಿ, ಎಣ್ಣೆ ಹಾಕಿ, ಉದ್ದಕ್ಕೆ ಮಾತ್ರ ಉಜ್ಜಿ ಇಳಿಸಿದ್ರು. ನಂಬರಿನ ಸುತ್ತ ಕೈ ಕೂಡ ತಾಗಿಸಲಿಲ್ಲ. ನಳಿಗೆಯ ಎರಡೂ ತುದಿಗೆ ಮರದ ಬೆಣೆ ಹೊಡೆದ್ರು, ಒಳಗೆ ಏನೂ ಹೋಗದಿರ್ಲಿ ಅಂತ. ಆ ಬೆಣೆಯೇ ಹಿಡಿಕೆ. ಆಮೇಲೆ ಜಿಡ್ಡು ತೆಗೆದು, ಬರಿಗೈಯಲ್ಲಿ ಮುಟ್ಟದೆ, ತಮ್ಮದೊಂದು ದ್ರಾವಣವನ್ನ ತೆಳ್ಳಗೆ ಸವರಿದ್ರು. ಅದರಲ್ಲಿ ಏನಿದೆ ಅಂತ ಕೇಳಿದೆ. ನಕ್ಕರು, ಹೇಳಲಿಲ್ಲ.

ಆಮೇಲೆ ಅದನ್ನ ತೇವ ಇರೋ ಕಡೆ ಒಂದಿಡೀ ದಿನ ನೇತು ಹಾಕ್ಬೇಕು. ಬೇರೆ ಊರಿನವರು ಇದಕ್ಕೆ ಆವಿ ಪೆಟ್ಟಿಗೆ ಮಾಡ್ಕೋತಾರಂತೆ. "ನಮಗೆ ಯಾಕೆ, ಆಗಸ್ಟ್ ಇದೆಯಲ್ಲ" ಅಂತ ಮೇಸ್ತ್ರಿ ಹಿಂದಿನ ಜಗಲಿಯಲ್ಲಿ ನೇತು ಹಾಕಿದ್ರು. ಹೊರಗೆ ಧೋ ಅಂತ ಮಳೆ. ಮರುದಿನ ನಳಿಗೆ ತುಂಬ ನಯವಾದ ಕಿತ್ತಳೆ ತುಕ್ಕು, ಪೀಚ್ ಹಣ್ಣಿನ ಸಿಪ್ಪೆ ಥರ. ಅದನ್ನ ಉದ್ದನೆಯ ತಗಡಿನ ತೊಟ್ಟಿಯಲ್ಲಿ ಕುದಿಯೋ ನೀರಿಗೆ ಇಳಿಸಿದ್ರು. ನಲ್ಲಿ ನೀರಲ್ಲಿ ಖನಿಜ ಇರತ್ತೆ, ಕಲೆ ಬೀಳತ್ತೆ, ಅದಕ್ಕೆ ಮಳೆ ನೀರು. ನೋಡ್ತಾ ನೋಡ್ತಾ ಕಿತ್ತಳೆ ಕಪ್ಪಾಯ್ತು. ಆಮೇಲೆ ನಯವಾದ ಸ್ಟೀಲ್ ವುಲ್‌ನಲ್ಲಿ ಮೇಲಿನ ಸಡಿಲ ಕಪ್ಪನ್ನ ಒರೆಸಿದ್ರು. ಅಡಿಯಲ್ಲಿ ತೆಳ್ಳನೆ ಬೂದು ಪದರ.

ಇಷ್ಟೇ. ಮತ್ತೆ ದ್ರಾವಣ, ಮತ್ತೆ ಮಳೆ, ಮತ್ತೆ ಕುದಿ, ಮತ್ತೆ ಒರೆಸೋದು. ಏಳು ಸಲ. ಪ್ರತಿ ಸಲ ಬಣ್ಣ ಒಂದು ಚೂರು ಆಳ ಆಗ್ತಾ ಹೋಯ್ತು.

"ಇದು ತುಕ್ಕು ತಡೆಯತ್ತಾ?" ಅಂತ ಕೇಳಿದೆ.

"ಸ್ವಲ್ಪ" ಅಂದ್ರು. "ತಡೆಯೋದು ಎಣ್ಣೆ. ಇದು ಎಣ್ಣೆ ಹಿಡ್ಕೊಳ್ಳತ್ತೆ ಅಷ್ಟೇ. ಎಣ್ಣೆ ಹಚ್ಚೋಕೆ ಮನೇಲಿ ಯಾರಾದ್ರೂ ಇರ್ಬೇಕು."

9/9

ಕೊನೇ ಭಾಗ. ಈ ಫೋಟೋ ಹಬ್ಬದ ಬೆಳಿಗ್ಗೆಯದು. ಕೆಂಪು ಹೂ ಕಾಣ್ತಿದೆಯಲ್ಲ, ಅದೇ ತೋಕ್ ಪೂ. ಕೈ ಅಜ್ಜನದು.

ಮನೇಲಿ ನಾವು ಮಾತಾಡೋದು ಕೊಡವ ತಕ್ಕ್. ನಿಮಗೆ ಕನ್ನಡದಲ್ಲಿ ಹೇಳ್ತೀನಿ.

ಪೂಜೆ ಮುಗಿದ ಮೇಲೆ ಅಪ್ಪ ಕೋವಿ ತಂದು ಅಜ್ಜನ ಮಡಿಲಲ್ಲಿಟ್ರು. ಅಜ್ಜ ಎಡಗೈಯಲ್ಲಿ ನಳಿಗೆ ಸವರ್ತಾ ಹೋದ್ರು. ನಂಬರಿನ ಜಾಗಕ್ಕೆ ಬಂದಾಗ ಹೆಬ್ಬೆರಳು ನಿಂತಿತು. ಹಿಂದೆ ಹೋಯ್ತು, ಮುಂದೆ ಬಂತು. ಅವರು ಕಣ್ಣಲ್ಲಿ ನೋಡ್ತಾನೇ ಇರ್ಲಿಲ್ಲ.

ನಾನೇ ಹೇಳಿದೆ. ಎಮರಿ ಪೇಪರು, ನಂಬರು, ಮೇಸ್ತ್ರಿ, ಒಳಗಿನ ಗುಳಿ, ಎಲ್ಲಾ. ಗುಂಡು ಹಾಕೋ ಹಾಗಿಲ್ಲ ಅನ್ನೋದನ್ನೂ ನಾನೇ ಹೇಳಿದೆ. ಹೇಳ್ಬೇಕಾದ್ರೆ ಅಜ್ಜನ ಮುಖ ನೋಡೋಕಾಗ್ಲಿಲ್ಲ, ಹೂ ನೋಡ್ಕೊಂಡು ಹೇಳಿದೆ.

ಯಾಕೆ ಅಷ್ಟು ಕಷ್ಟ ಆಯ್ತು ಅಂದ್ರೆ, ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರೆ. ಯಾರಾದ್ರೂ ತೀರಿಕೊಂಡ್ರೆ ಎರಡು. ನಾನು ಹುಟ್ಟಿದ ದಿನ ಅಜ್ಜ ಯಾರನ್ನೂ ಕೇಳದೆ ಅಂಗಳಕ್ಕೆ ಹೋಗಿ ಇದೇ ಕೋವಿಯಿಂದ ಒಂದು ಗುಂಡು ಹಾರಿಸಿದ್ರಂತೆ. ಅಕ್ಕಪಕ್ಕದ ಮನೆಯವರು ಗಂಡು ಮಗು ಅಂತ ಸಿಹಿ ಕೇಳ್ಕೊಂಡು ಬಂದಿದ್ರು ಅಂತ ಅಮ್ಮ ಈಗಲೂ ನಗ್ತಾರೆ. ಅಜ್ಜನಿಗೆ ತನ್ನ ಕೊನೆಗೂ ಇದೇ ಕೋವಿ ಎರಡು ಸಲ ಕೂಗ್ಬೇಕು ಅನ್ನೋ ಆಸೆ ಇತ್ತು. ಬಾಯಿ ಬಿಟ್ಟು ಹೇಳಿದ್ದು ಕಡಿಮೆ. ಆದ್ರೂ ಮನೇಲಿ ಎಲ್ಲರಿಗೂ ಗೊತ್ತಿತ್ತು.

ಅಜ್ಜ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಸ್ತ್ರಿ ಹೇಳಿದ್ರೆ ಸರಿ" ಅಂದ್ರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಬೇರೆ ಮನೆಯವರ ಕೋವಿ ಇದೆಯಲ್ಲ" ಅಂದ್ರು. ಅದು ನನಗೆ ಹೇಳಿದ್ದೋ ತಮಗೇ ಹೇಳ್ಕೊಂಡಿದ್ದೋ ಗೊತ್ತಾಗ್ಲಿಲ್ಲ. ಅಪ್ಪ ಎದ್ದು ಅಡುಗೆಮನೆಗೆ ಹೋದ್ರು.

ನನಗೆ ಏನಾದ್ರೂ ಸಮಾಧಾನ ಹೇಳ್ಬೇಕು ಅನ್ನಿಸ್ತು. ಏನೂ ತೋಚಲಿಲ್ಲ. ಅಷ್ಟರಲ್ಲಿ ಅಜ್ಜ ಕೋವಿಯನ್ನ ನನ್ನ ಕಡೆ ತಳ್ಳಿದ್ರು. "ಎಲ್ಲರೂ ಮುಟ್ಟಿದಾರೆ ಕುಂಞಿ. ಒರೆಸು."

ಬನಿಯನ್ ಬಟ್ಟೆ ಎಲ್ಲಿದೆ ಅಂತ ಅವರೇ ತೋರಿಸಿದ್ರು. ನಾನು ಮೇಲಿಂದ ಮೇಲೆ ಒರೆಸಿದೆ. "ಮರ ಬಿಚ್ಚು" ಅಂದ್ರು. ಬಿಚ್ಚಿದೆ. "ಅಡಿಗೆ ಹಚ್ಚು." ಹಚ್ಚಿದೆ. "ಜಾಸ್ತಿ ಆಯ್ತು, ತೆಗಿ." ತೆಗೆದೆ. ಚರ್ಮದ ಚೀಲಕ್ಕೆ ಹಾಕೋಕೆ ಹೋದೆ, ಬೇಡ ಅಂತ ಅಪ್ಪ ಅದನ್ನ ಇಸ್ಕೊಂಡ್ರು. ಈಗ ಕೋವಿ ಬೀರುವಿನಲ್ಲಿ ಹತ್ತಿ ಬಟ್ಟೆ ಸುತ್ಕೊಂಡು ಇದೆ, ಬೀಗ ಹಾಕಿ. ನಳಿಗೆಗೆ ಒಂದು ಚೀಟಿ ಕಟ್ಟಿದೀನಿ: "ಗುಂಡು ಹಾಕಬಾರದು." ದೊಡ್ಡಕ್ಷರದಲ್ಲಿ, ಕೆಂಪು ಪೆನ್ನಲ್ಲಿ.

ವಾರಾಂತ್ಯಕ್ಕೆ ಊರಿಗೆ ಹೋದಾಗೆಲ್ಲ ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಕೂತು ಒರೆಸ್ತೀನಿ. ನಾನು ಹೋಗದ ವಾರ ಅಪ್ಪ ಮಾಡ್ತಾರೆ. ಅಜ್ಜ ಪಕ್ಕದಲ್ಲಿ ಕೂತು ತಪ್ಪು ಹಿಡೀತಾರೆ. ಅದೊಂದು ಕೆಲಸಕ್ಕೆ ಅವರ ಮಾತು ತೊದಲಲ್ಲ.

ನಂಬರಿನ ಪಕ್ಕ ಎಮರಿ ಪೇಪರಿನ ಒಂದು ಗೀರು ಇನ್ನೂ ಇದೆ. ಮೇಸ್ತ್ರಿ ಅದನ್ನ ಬಿಟ್ಟಿದ್ದು ಬೇಕಂತಲೇ ಇರ್ಬೇಕು. ಕೇಳಿಲ್ಲ.

"ಎಲ್ಲಿ ಮಾಡಿಸ್ದೆ" ಅಂತ ಕೇಳಿದವರಿಗೆ: ನಿಮ್ಮ ಮನೇಲಿ ಹಳೇ ಕೋವಿ ಇದ್ರೆ, ಪತ್ರ ಹಿಡ್ಕೊಂಡು ಲೈಸೆನ್ಸ್ ಇರೋ ಅಂಗಡಿಗೆ ಹೋಗಿ, ಮೊದಲು ನಳಿಗೆಯ ಒಳಗೆ ನೋಡೋಕೆ ಹೇಳಿ. ಬಣ್ಣದ ಮಾತು ಆಮೇಲೆ. ಮತ್ತೆ ಗೇಟ್ ಉಜ್ಜೋ ಪೇಪರನ್ನ ಗೇಟಿಗೇ ಇಟ್ಕೊಳ್ಳಿ.

ಸೋಮವಾರ ಕ್ಲಾಸಲ್ಲಿ ಸಿಗೋಣ.

#ಅಜ್ಜನಕೋವಿ #ಕೈಲ್‌ಪೊಳ್ದ್ #ಕೊಡಗು #ತುಕ್ಕು